ಗೋಡೆಯಿಂದ ಒಂದು ಗೇಣು

“ಗೇಣು ಬಿಡಿ, ಗೇಣು! ನಿಮ್ಮ ಬಾಕ್ಸಿಗೇನು ಗೋಡೆ ಜೊತೆ ಮದುವೆ ನಿಶ್ಚಯ ಆಗಿದ್ಯಾ? ಅಷ್ಟೊಂದು ಅಂಟಿಕೊಂಡು ನಿಂತಿದೆ! ತಿಳೀತಾ?”

ಮೆಟ್ಟಿಲ ಮೇಲೆ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಊಟದ ಬಿಡುವಿನಲ್ಲಿ ಗಿಣಿಯ ಶೋ ಜೋರಾಗಿ ನಡೆದಿತ್ತು. ತಲೆಗೂದಲಿಗೆ ಪೆನ್ನು ಸಿಕ್ಕಿಸಿಕೊಂಡು, ಬಲ ಭುಜ ಇಳಿಬಿಟ್ಟು, ಅಂಗೈ ಅಗಲಿಸಿ ಗೋಡೆ ಅಳೆಯುತ್ತಿದ್ದಳು.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಉಳಿದ ಎಲ್ಲ ಕಡೆ ಅವಳು ಗಿಣಿ. ಒಂದು ಸಲ ಕೇಳಿದ ದನಿ ಅವಳ ಗಂಟಲಲ್ಲಿ ಬಾಡಿಗೆಗೆ ಬಂದು ಕೂತುಬಿಡುತ್ತಿತ್ತು. ಹೆಡ್ ಮಿಸ್, ಬಸ್ ಕಂಡಕ್ಟರ್, ಕೆಮ್ಮುವ ಅಜ್ಜ, ಸ್ಟಾರ್ಟ್ ಆಗದ ಸ್ಕೂಟರ್, ಯಾವುದು ಬೇಕಾದರೂ ಬರುತ್ತಿತ್ತು.

ಇದ್ದಕ್ಕಿದ್ದಂತೆ ನಗು ನಿಂತಿತು. ಎಲ್ಲರೂ ಗಿಣಿಯ ಬೆನ್ನ ಹಿಂದೆ ನೋಡುತ್ತಿದ್ದರು.

“ಬಲ ಭುಜ ಅಲ್ಲಮ್ಮ, ಎಡ” ಅಂದಿತು ಅದೇ ದನಿ, ಆದರೆ ಅಸಲಿ. “ಇಪ್ಪತ್ತು ವರ್ಷ ಮದ್ದಿನ ಬ್ಯಾಗ್ ಹೊತ್ತು ಹೊತ್ತು ಇಳಿದಿರೋದು ಎಡ ಭುಜ. ಮಿಮಿಕ್ರಿ ಮಾಡಿದ್ರೆ ಕರೆಕ್ಟಾಗಿ ಮಾಡ್ಬೇಕು. ತಿಳೀತಾ?”

ಗಿಣಿ ತಟ್ಟನೆ ಭುಜ ನೆಟ್ಟಗೆ ಮಾಡಿಕೊಂಡಳು.

ಅವರು ಗೇಣಕ್ಕ. ಪಕ್ಕದ ಬೀದಿಯ ಆರೋಗ್ಯ ಕೇಂದ್ರದಲ್ಲಿ ಸ್ಟೋರ್ ನೋಡಿಕೊಳ್ಳುವವರು. ಆ ಅಡ್ಡಹೆಸರು ಇಟ್ಟಿದ್ದೂ ಗಿಣಿಯೇ. ಅವರು ಸಿಟ್ಟಾಗಲಿಲ್ಲ. ಕೂದಲಿನ ಗಂಟಿನಿಂದ ಪೆನ್ನು ಎಳೆದುಕೊಂಡು ಕಾರಿಡಾರಿನ ಕೊನೆಯ ರೂಮಿಗೆ ನಡೆದರು.

ಆ ರೂಮು ನೋಡಿದರೇ ಗಿಣಿಯ ಹೊಟ್ಟೆ ಉರಿಯುತ್ತಿತ್ತು. ಎರಡು ತಿಂಗಳ ಹಿಂದೆ ಅದು ನಾಟಕದ ರೂಮಾಗಿತ್ತು. ಕಿರೀಟ, ಗದೆ, ಮರದ ಕತ್ತಿ, ಹತ್ತಿಯ ಗಡ್ಡ ಎಲ್ಲ ಅಲ್ಲೇ ಇರುತ್ತಿದ್ದವು. ಈಗ ಅವೆಲ್ಲ ಮೆಟ್ಟಿಲ ಕೆಳಗೆ ಬಿದ್ದಿದ್ದವು. ರೂಮಿನ ತುಂಬ ಬಾಕ್ಸು. ಬಾಗಿಲ ಮೇಲೆ ಬೋರ್ಡು: ‘ತುರ್ತು ಔಷಧಿ ಸಾಮಗ್ರಿ. ಮುಟ್ಟಬೇಡಿ.’

ಗಿಣಿ ಬಾಗಿಲಲ್ಲಿ ಇಣುಕಿದಳು. ಗೇಣಕ್ಕ ಒಂದೊಂದೇ ಬಾಕ್ಸಿನ ತಾರೀಖು ಓದುತ್ತಿದ್ದರು. ಬೇಗ ಹಳೆಯದಾಗುವುದು ಮುಂದಕ್ಕೆ, ಹೊಸದು ಹಿಂದಕ್ಕೆ. ಎಲ್ಲ ಬಾಕ್ಸೂ ಮರದ ಹಲಗೆಯ ಮೇಲೆ. ಹಿಂದಿನ ಸಾಲಿಗೂ ಗೋಡೆಗೂ ನಡುವೆ ಅಂಗೈ ಅಗಲಿಸಿ ಇಟ್ಟು, ಒಂದು ಗೇಣು ಜಾಗ ಇದೆಯಾ ಅಂತ ನೋಡುತ್ತಿದ್ದರು.

“ಆಂಟಿ, ಇದ್ರಲ್ಲೆಲ್ಲ ಏನಿದೆ?”

“ಈ ಸಾಲಲ್ಲಿ ಓಆರ್‌ಎಸ್ ಪುಡಿ. ವಾಂತಿ-ಭೇದಿ ಆದಾಗ ನೀರಿಗೆ ಹಾಕಿ ಕುಡಿಯೋದು. ಆ ಮೂಲೇಲಿ ಗ್ಲೌಸು, ಮಾಸ್ಕು, ಬ್ಯಾಂಡೇಜು.”

“ನಮ್ ಸ್ಕೂಲೇ ಬೇಕಿತ್ತಾ?”

“ನಮ್ಮ ಕೇಂದ್ರದಲ್ಲಿ ಇರೋದು ಎರಡೇ ರೂಮು. ದೊಡ್ಡ ಗೋಡೌನು ಬಸ್ಸಲ್ಲಿ ಅರ್ಧ ದಿನದ ದಾರಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡೋಕಾಗುತ್ತಾ?”

“ಯಾವಾಗ ಯೂಸ್ ಮಾಡ್ತೀರಾ?”

ಗೇಣಕ್ಕ ನಕ್ಕರು. “ಯೂಸ್ ಆಗದೇ ಇರಲಿ ಅಂತಾನೇ ಇಟ್ಟಿರೋದು.”

ಗಿಣಿಗೆ ಇದಕ್ಕಿಂತ ಪೆದ್ದು ಮಾತು ಇನ್ನೊಂದಿಲ್ಲ ಅನ್ನಿಸಿತು. ಯೂಸೇ ಆಗಬಾರದ ಸಾಮಾನಿಗೆ ಬೀಗ ಹಾಕಿದ ರೂಮು. ದಿನಾ ಯೂಸ್ ಆಗುವ ಸಿಂಹಾಸನಕ್ಕೆ ಮೆಟ್ಟಿಲ ಕೆಳಗಿನ ಧೂಳು!

ಸಿಂಹಾಸನ ಅಂದರೆ ರಟ್ಟಿನದು. ಆದರೆ ಬಂಗಾರದ ಬಣ್ಣ ಬಳಿದು, ಕೈ ಇಡುವಲ್ಲಿ ಎರಡು ಸಿಂಹದ ಮುಖ ಅಂಟಿಸಿ, ಗಿಣಿ ಮತ್ತು ಸೋಡಾ ಒಂದು ತಿಂಗಳು ಕೂತು ಮಾಡಿದ್ದು. ಸೋಡಾ ಅವಳ ಪಕ್ಕದ ಬೆಂಚಿನ ಹುಡುಗ. ಅವನ ಕನ್ನಡಕದ ಗಾಜು ಸೋಡಾ ಬಾಟಲಿಯ ತಳದಷ್ಟು ದಪ್ಪ. ನಾಟಕದಲ್ಲಿ ಗಿಣಿ ರಾಜ, ಅವನು ಮಂತ್ರಿ. ನಾಟಕಕ್ಕೆ ಇನ್ನು ಮೂರೇ ವಾರ.

ಮರುದಿನ ಫುಟ್‌ಬಾಲ್ ಒಂದು ಹಾರಿಬಂದು ಬಲಗಡೆಯ ಸಿಂಹದ ಮೂಗನ್ನು ಒಳಕ್ಕೆ ನಗ್ಗಿಸಿತು.

“ಹೀಗೇ ಬಿಟ್ರೆ ನಾಟಕದ ಹೊತ್ತಿಗೆ ಸಿಂಹ ಹೋಗಿ ಬರೀ ಆಸನ ಉಳಿಯುತ್ತೆ” ಅಂದ ಸೋಡಾ.

“ಆಸನಾನೂ ಉಳಿಯಲ್ಲ. ಸಿಂಹಾಸನ ಇಲ್ಲದ ರಾಜ ಅಂದ್ರೆ ದೀರ್ಘ ಇಲ್ಲದ ರಾಜ. ಬರೀ ರಜ!” ಗಿಣಿ ಕಾರಿಡಾರಿನ ಕೊನೆಯ ರೂಮಿನ ಕಡೆ ನೋಡಿದಳು. “ಸೋಡಾ, ಇದನ್ನ ಅದರ ಹಳೇ ರೂಮಲ್ಲೇ ಇಡೋಣ. ಗೇಣಕ್ಕ ಬರೋದು ತಿಂಗಳಿಗೊಂದು ಸಲ. ಅಷ್ಟರಲ್ಲಿ ನಾಟಕ ಮುಗಿದಿರುತ್ತೆ.”

“ಕೀ?”

ಗಿಣಿ ಕಣ್ಣು ಮಿಟುಕಿಸಿದಳು.

ಕೀ ಗೊಂಚಲು ಇದ್ದದ್ದು ಗಂಟೆ ತಾತನ ಸೊಂಟದಲ್ಲಿ. ಅವರು ಶಾಲೆಯ ಅಟೆಂಡರ್. ಗಂಟೆ ಹೊಡೆಯುವುದೂ ಅವರೇ, ಬೀಗ ಹಾಕುವುದೂ ಅವರೇ. ರಿಟೈರ್ ಆಗಲು ಇನ್ನೊಂದು ವರ್ಷ ಇತ್ತು. ಹೆಡ್ ಮಿಸ್ ಕೂಡ ಅವರನ್ನು ತಾತ ಅಂತಲೇ ಕರೆಯುತ್ತಿದ್ದರು. ಹೆಡ್ ಮಿಸ್ ಎಲ್ಲವನ್ನೂ ಎರಡೆರಡು ಸಲ ಹೇಳುವವರು. ಅದಕ್ಕೂ ಮೊದಲು ಗಂಟಲು ಸರಿಮಾಡಿಕೊಳ್ಳುವವರು.

ಸಂಜೆ ಬೆಲ್ ಆದ ಮೇಲೆ ತಾತ ಕಾರಿಡಾರಿನ ಸ್ಟೂಲಿನ ಮೇಲೆ ಕೂತಿದ್ದರು. ಆಫೀಸ್ ರೂಮಿನ ಅರ್ಧ ತೆರೆದ ಕಿಟಕಿಯಿಂದ ದನಿ ಬಂತು: “ಹ್ಞುಂ, ಹ್ಞುಂ. ತಾತಾ, ಆ ಸ್ಟೋರ್ ರೂಮ್ ಕೀ ಕೊಟ್ಟು ಕಳಿಸಿ, ಕೊಟ್ಟು ಕಳಿಸಿ. ಆ ಕನ್ನಡಕದ ಹುಡುಗನ ಹತ್ರ.”

“ಆಯ್ತು ಮೇಡಂ” ಅಂದರು ತಾತ, ಎದ್ದು ನಿಂತು.

ಕಿಟಕಿಯ ಒಳಗೆ, ಮೇಜಿನ ಕೆಳಗೆ ಕೂತಿದ್ದ ಗಿಣಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಹೆಡ್ ಮಿಸ್ ಆ ಹೊತ್ತಿಗೆ ಬಸ್ ಸ್ಟಾಪಿನಲ್ಲಿದ್ದರು.

ಸಿಂಹಾಸನ ರೂಮಿನೊಳಗೆ ಬಂತು. ಆದರೆ ಬಾಗಿಲು ಮುಚ್ಚಲಿಲ್ಲ. ಒಂದೇ ಒಂದು ಗೇಣು ಜಾಗ ಕಡಿಮೆ ಬಿತ್ತು.

“ಅಲ್ಲಿ ನೋಡು. ಗೋಡೆ ಹತ್ರ ಒಂದು ಗೇಣು ಸುಮ್ನೆ ಖಾಲಿ ಬಿದ್ದಿದೆ” ಅಂದಳು ಗಿಣಿ.

ಇಬ್ಬರೂ ಸೇರಿ ಓಆರ್‌ಎಸ್ ಬಾಕ್ಸುಗಳನ್ನು ಹಿಂದಕ್ಕೆ ತಳ್ಳಿದರು. ನಾಲ್ಕು ಕಂಬ, ಒಂದೊಂದರಲ್ಲೂ ಮೂರು ಬಾಕ್ಸು. ಹನ್ನೆರಡೂ ಹೋಗಿ ಗೋಡೆಗೆ ಅಂಟಿಕೊಂಡವು. ಬಾಗಿಲು ಮುಚ್ಚಿತು. ಸೋಡಾ ಬೀಗ ಹಾಕಿ ಕೀಯನ್ನು ತಾತನಿಗೆ ವಾಪಸ್ ಕೊಟ್ಟುಬಂದ.

“ಗುಟ್ಟು ಯಾರಿಗೂ ಹೇಳ್ಬೇಡ” ಅಂದಳು ಗಿಣಿ.

“ರಟ್ಟಿನ ಗುಟ್ಟು. ಅದು ರಟ್ಟಾಗದೇ ಇದ್ರೆ ಸಾಕು” ಅಂದ ಸೋಡಾ. ಇಬ್ಬರೂ ನಗುತ್ತ ಮನೆಗೆ ಓಡಿದರು. ಗೋಡೆಯ ಆ ಕಡೆ, ಮಕ್ಕಳು ಕೈ ತೊಳೆಯುವ ನಲ್ಲಿಗಳ ಸಾಲಿನಲ್ಲಿ, ಒಂದು ನಲ್ಲಿ ಎಂದಿನಂತೆ ಸುಮ್ಮನೆ ತೊಟ್ಟಿಕ್ಕುತ್ತಿತ್ತು.

ಹನ್ನೆರಡು ದಿನ ಕಳೆಯಿತು.

ಸೋಮವಾರ ಬೆಳಿಗ್ಗೆ ಹಾಜರಿ ಕರೆಯುವಾಗ ಕ್ಲಾಸ್ ಮಿಸ್ ತಲೆ ಎತ್ತಿ ನೋಡಿದರು. ಹದಿನಾಲ್ಕು ಜನ ಇಲ್ಲ. ಸೋಡಾನೂ ಇಲ್ಲ.

ಎರಡನೇ ಪಿರಿಯಡ್ ಹೊತ್ತಿಗೆ ಸುದ್ದಿ ಬಂತು. ಕೇಬಲ್ ಹಾಕಲು ರಸ್ತೆ ಅಗೆದವರು ನೀರಿನ ಪೈಪಿಗೂ ಏಟು ಹಾಕಿದ್ದರು. ಚರಂಡಿ ನೀರು ನಲ್ಲಿಯ ನೀರಿಗೆ ಸೇರಿತ್ತು. ಶಾಲೆಯ ಹಿಂದಿನ ಬೀದಿಗಳಲ್ಲಿ ಮನೆ ಮನೆಯಲ್ಲೂ ವಾಂತಿ, ಭೇದಿ. ಸೋಡಾನ ಮನೆ ಇದ್ದದ್ದೂ ಅಲ್ಲೇ.

ಆಗ ಕಾರಿಡಾರಿನಲ್ಲಿ ಚಪ್ಪಲಿ ಸದ್ದು. ಗೇಣಕ್ಕ! ಅವತ್ತು ಅವರು ಬರುವ ದಿನ ಅಲ್ಲ. ಜೊತೆಗೆ ಇಬ್ಬರು ನರ್ಸ್, ಹೊರಗೆ ಒಂದು ಆಟೋ.

ಗಿಣಿ ಎದ್ದು ನಿಂತಳು. “ಮಿಸ್, ನೀರು ಕುಡಿದು ಬರ್ತೀನಿ” ಅಂದಳು.

“ಈಗ ತಾನೇ ಕುಡಿಯಬೇಡಿ ಅಂತ ಹೇಳಿದ್ನಲ್ಲ!”

“ಹಾಗಾದ್ರೆ... ಕುಡಿಯದೇ ಬರ್ತೀನಿ ಮಿಸ್” ಅಂದವಳೇ ಹೊರಗೆ ಓಡಿದಳು.

ಗಂಟೆ ತಾತ ಬೀಗ ತೆಗೆದಿದ್ದರು. ಗೇಣಕ್ಕ ಬಾಗಿಲು ತಳ್ಳಿದರು. ಬಾಗಿಲು ಏನಕ್ಕೋ ತಾಗಿ ನಿಂತಿತು. ಒಳಗೆ ಸಿಂಹಾಸನ ಮೂಗಿಲ್ಲದ ಸಿಂಹದ ಜೊತೆ ಆರಾಮಾಗಿ ಕೂತಿತ್ತು.

ಅದನ್ನು ಎಳೆದು ಹೊರಗಿಟ್ಟು, ಗೇಣಕ್ಕ ಬಾಕ್ಸುಗಳನ್ನು ನೋಡಿದರು. ಆಮೇಲೆ ಆ ಕಡೆಯ ನಲ್ಲಿಯ ನೀರು ಇಂಗಿ ಒದ್ದೆಯಾಗಿದ್ದ ಗೋಡೆ ನೋಡಿದರು. ಮೇಲಿನ ಬಾಕ್ಸುಗಳನ್ನು ನರ್ಸ್‌ಗಳಿಗೆ ದಾಟಿಸಿ, ಕೆಳಗಿನ ಒಂದು ಬಾಕ್ಸಿಗೆ ಕೈ ಹಾಕಿ ಎತ್ತಿದರು. ಬಾಕ್ಸು ಎದ್ದಿತು, ಅದರ ತಳ ಏಳಲಿಲ್ಲ. ನೀರಲ್ಲಿ ನೆನೆದ ಬ್ರೆಡ್ಡಿನ ಹಾಗೆ ಕಳಚಿಕೊಂಡು, ಪೊಟ್ಟಣಗಳೆಲ್ಲ ದೊಪದೊಪನೆ ಬಿದ್ದವು.

ಗೇಣಕ್ಕ ಒಂದನ್ನು ಎತ್ತಿ ಹಿಸುಕಿದರು. ಒಳಗಿನ ಪುಡಿ ಕಲ್ಲಾಗಿತ್ತು.

ಕೆಳಗಿನ ನಾಲ್ಕರಲ್ಲಿ ಮೂರು ಬಾಕ್ಸು ಹಾಗೇ. ಬಾಕ್ಸಿಗೆ ನೂರು ಪೊಟ್ಟಣ.

“ಏನಿದು, ಏನಿದು?” ಹೆಡ್ ಮಿಸ್ ಓಡಿ ಬಂದರು. “ತಾತಾ, ಕೀ ನಿಮ್ಮ ಹತ್ರ ತಾನೆ ಇರೋದು? ಯಾರಿಗೆ ಕೊಟ್ರಿ, ಯಾರಿಗೆ ಕೊಟ್ರಿ?”

“ನೀವೇ ಹೇಳಿದ್ರಲ್ಲ ಮೇಡಂ? ಆವತ್ತು ಸಂಜೆ, ಕಿಟಕಿಯಿಂದ...”

“ನಾನಾ? ನಾನ್ಯಾವಾಗ ಹೇಳ್ದೆ? ನಾನ್ಯಾವಾಗ ಹೇಳ್ದೆ?”

ತಾತ ಅವರ ಮುಖವನ್ನೇ ನೋಡಿದರು. ಕಿವಿಯನ್ನು ಒಂದು ಸಲ ಮುಟ್ಟಿಕೊಂಡರು. “ಕೇಳಿಸ್ತು ಅಂದ್ಕೊಂಡೆ ಮೇಡಂ. ವಯಸ್ಸಾಯ್ತು. ಇತ್ತೀಚೆಗೆ ಏನೇನೋ ಕೇಳಿಸುತ್ತೇನೋ.”

ಆಮೇಲೆ ಅವರು ನಿಧಾನವಾಗಿ ಸೊಂಟದಿಂದ ಕೀ ಗೊಂಚಲು ಬಿಚ್ಚಿದರು. ಅದನ್ನು ಮುಂದೆ ಚಾಚಿದರು. “ಬೇರೆ ಯಾರಿಗಾದ್ರೂ ಕೊಟ್ಟುಬಿಡಿ. ನನ್ನ ಕೈಲಿ ಇರೋದು ಬೇಡ.”

ಗಿಣಿ ಕಂಬದ ಹಿಂದೆ ನಿಂತಿದ್ದಳು. ಸುಮ್ಮನೆ ಕ್ಲಾಸಿಗೆ ವಾಪಸ್ ಹೋಗಬಹುದಿತ್ತು. ಕೀ ಇಸಿದುಕೊಂಡಿದ್ದ ಸೋಡಾ ಅವತ್ತು ಬಂದಿರಲಿಲ್ಲ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಚಾಚಿದ ಆ ಕೈಯಲ್ಲಿ ಕೀಗಳು ಸಣ್ಣಗೆ ಕಿಣಿಕಿಣಿ ಅನ್ನುತ್ತಿದ್ದವು.

ಅವಳು ಬಾಯಿ ತೆರೆದಳು. ಎಷ್ಟೋ ಜನರ ದನಿ ತುಂಬಿದ್ದ ಗಂಟಲು ಖಾಲಿ. ಕೊನೆಗೆ ಬಂದದ್ದು ಒಂದೇ:

“ಹ್ಞುಂ, ಹ್ಞುಂ. ತಾತಾ, ಆ ಸ್ಟೋರ್ ರೂಮ್ ಕೀ ಕೊಟ್ಟು ಕಳಿಸಿ, ಕೊಟ್ಟು ಕಳಿಸಿ.”

ಎಲ್ಲರೂ ತಿರುಗಿದರು. ಹೆಡ್ ಮಿಸ್ ತಮ್ಮ ಬಾಯಿಯನ್ನೇ ಮುಟ್ಟಿ ನೋಡಿಕೊಂಡರು.

“ನಾನೇ” ಅಂದಳು ಗಿಣಿ. ಈ ಸಲ ಬಂದ ದನಿ ತೀರಾ ತೆಳ್ಳಗಿತ್ತು. ಅವಳದ್ದೇ. “ತಾತನ ಕಿವಿ ಚೆನ್ನಾಗೇ ಇದೆ ಮಿಸ್. ಕಿಟಕಿ ಹಿಂದೆ ಇದ್ದಿದ್ದು ನಾನು. ಬಾಕ್ಸು ತಳ್ಳಿದ್ದೂ ನಾನು.”

ತಾತ ಚಾಚಿದ ಕೈಯನ್ನು ಹಿಂದಕ್ಕೆ ತಗೊಂಡರು.

ಹೆಡ್ ಮಿಸ್ ಬೈಯಲು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಗೇಣಕ್ಕ ಕೈ ಎತ್ತಿದರು. “ಮೇಡಂ, ಬೈಗುಳಕ್ಕೆ ಎಕ್ಸ್‌ಪೈರಿ ಡೇಟ್ ಇಲ್ಲ. ನಾಳೆ ಬೈದ್ರೂ ಕೆಡಲ್ಲ. ಈಗ ಈ ಹುಡುಗಿ ನನಗೆ ಬೇಕು. ಬಾಮ್ಮ ಇಲ್ಲಿ.”

ಕಾರಿಡಾರಿನಲ್ಲಿ ಬಟ್ಟೆ ಹಾಸಿ ಮುನ್ನೂರು ಪೊಟ್ಟಣ ಸುರಿದರು.

“ಎಲ್ಲಾನೂ ಹಾಳಾಗಿರಲ್ಲ. ಒದ್ದೆ ಆಗದೆ ಉಳಿದಿರೋದನ್ನ ಆರಿಸ್ಬೇಕು. ಕಿವಿ ಹತ್ರ ಹಿಡಿದು ಅಲ್ಲಾಡಿಸು. ಸರಸರ ಅಂದ್ರೆ ಈ ಕಡೆ. ಮಾತಾಡದೇ ಇದ್ರೆ ಆ ಕಡೆ. ನೀನು ಆರಿಸಿದ್ದನ್ನ ನಾನು ಇನ್ನೊಂದು ಸಲ ನೋಡ್ತೀನಿ. ತಿಳೀತಾ?”

ಗಿಣಿ ಕೂತಳು. ಒಂದು ಎತ್ತಿದಳು, ಅಲ್ಲಾಡಿಸಿದಳು. ಸರಸರ. ಇನ್ನೊಂದು. ಮೌನ. ಮತ್ತೊಂದು. ಸರ... ಸರ. ಒಳಗೆ ಎಲ್ಲೋ ಒಂದು ಪುಟ್ಟ ಗಂಟು. ಅದು ಆ ಕಡೆ. ಯಾರ ದನಿಯನ್ನೂ ಅವಳು ಇಷ್ಟು ಗಮನ ಇಟ್ಟು ಕೇಳಿರಲಿಲ್ಲ.

ಗೇಣಕ್ಕ ಪ್ರತಿಯೊಂದರ ಅಂಚು ತಿರುಗಿಸಿ ನೋಡಿ, ಎಣಿಸಿ, ಆಟೋಗೆ ತುಂಬಿಸಿದರು. ನೂರಾ ಇಪ್ಪತ್ತು ಉಳಿಯಿತು. ನೂರಾ ಎಂಬತ್ತು ಹೋಯಿತು.

“ಸಾಲುತ್ತಾ ಆಂಟಿ?”

“ಹಿಂದಿನ ಬೀದಿಗಳಲ್ಲಿ ನಾನೂರು ಮನೆ. ಮನೆಗೆ ಮೂರು ಪೊಟ್ಟಣ ಅಂತ ಲೆಕ್ಕ ಹಾಕಿಯೇ ಇಟ್ಟಿದ್ದು. ಗೋಡೌನಿನಿಂದ ವ್ಯಾನ್ ಬರೋದು ನಾಳೆ ಮಧ್ಯಾಹ್ನ.” ಗೇಣಕ್ಕ ಆಟೋ ಹತ್ತಿದರು.

ನೂರಾ ಎಂಬತ್ತನ್ನು ಮೂರರಿಂದ ಭಾಗಿಸಿದರೆ ಅರವತ್ತು. ಗಣಿತದ ಪಿರಿಯಡ್‌ನಲ್ಲಿ ಗಿಣಿಗೆ ಎಂದೂ ಇಷ್ಟು ಬೇಗ ಉತ್ತರ ಬಂದಿರಲಿಲ್ಲ. ಅರವತ್ತು ಮನೆ. ಸೋಡಾನ ಮನೆ ಕೊನೆಯ ಸಾಲಿನಲ್ಲಿತ್ತು.

ಸಂಜೆ ಬೆಲ್ ಆಯಿತು. ಗಿಣಿಯ ಅಪ್ಪ ಕರೆದುಕೊಂಡು ಹೋಗಲು ಬಂದಿದ್ದರು. ಹೆಡ್ ಮಿಸ್ ಅವರನ್ನು ಒಳಗೆ ಕರೆದು ಮಾತಾಡಿದರು, ಎರಡೆರಡು ಸಲ. ಹೊರಗೆ ಬಂದ ಅಪ್ಪ ಬೆಂಚಿನ ಮೇಲೆ ಮಗಳ ಪಕ್ಕ ಕೂತರು.

“ಹೋಗೋಣ್ವಾ?”

“ಆಂಟಿ ಬರ್ಲಿ ಅಪ್ಪಾ.”

ಅಪ್ಪ ವಾಚ್ ನೋಡಿ, ಬೆಂಚಿಗೆ ಒರಗಿ ಕೂತರು.

ಬೆಳಕು ಹಳದಿಯಾಗುವ ಹೊತ್ತಿಗೆ ಗೇಣಕ್ಕ ನಡೆದು ಬಂದರು. ಎಡ ಭುಜ ಇನ್ನೂ ಒಂದಿಷ್ಟು ಇಳಿದಿತ್ತು. ಮಾತಾಡಲು ಹೋದರೆ ಗಂಟಲಿನಿಂದ ಬರೀ ಗಾಳಿ ಬಂತು. ದನಿ ಪೂರ್ತಿ ಕಟ್ಟಿಹೋಗಿತ್ತು.

“ಕೊನೇ ಸಾಲಿಗೆ ಪೊಟ್ಟಣ ಸಾಲಲಿಲ್ಲ” ಅಂದರು ಪಿಸುದನಿಯಲ್ಲಿ. “ಒಂದೊಂದು ಮನೇಲೂ ನಿಂತು ಹೇಳಿಕೊಟ್ವಿ. ಕುದಿಸಿ ಆರಿಸಿದ ಒಂದು ಲೀಟರ್ ನೀರು. ಮೇಲೆ ಸವರಿ ಮಟ್ಟ ಮಾಡಿದ ಆರು ಚಿಕ್ಕ ಚಮಚ ಸಕ್ಕರೆ. ಅದೇ ಚಮಚದಲ್ಲಿ ಅರ್ಧ ಚಮಚ ಉಪ್ಪು, ಅದಕ್ಕಿಂತ ಒಂದು ಕಾಳೂ ಜಾಸ್ತಿ ಬೇಡ. ಪೊಟ್ಟಣ ಕೊಡೋಕೆ ಅರ್ಧ ನಿಮಿಷ ಸಾಕು. ಇದಕ್ಕೆ ಹತ್ತು ನಿಮಿಷ ಬೇಕು.”

“ಎಲ್ರೂ...?”

“ಎಲ್ರೂ ಕುಡೀತಿದಾರೆ. ಇಬ್ಬರನ್ನ ಆಸ್ಪತ್ರೆಗೆ ಕಳಿಸಿದೀವಿ, ಅವರೂ ಹುಷಾರಾಗ್ತಾರೆ.” ಗೇಣಕ್ಕ ಬೆಂಚಿನ ಮೇಲೆ ಕೂತು ಚಪ್ಪಲಿ ಬಿಟ್ಟರು. “ದಪ್ಪ ಕನ್ನಡಕದ ಹುಡುಗ ಒಬ್ಬ ಸಿಕ್ಕಿದ್ದ. ಎರಡು ಲೋಟ ಕುಡಿದು, ‘ಸಿಂಹಾಸನ ಸಿಕ್ಕಿಬಿತ್ತಾ’ ಅಂತ ಕೇಳ್ದ.”

ಅಪ್ಪನಿಗೆ ನಗು ಬಂತು. ಗಿಣಿಗೆ ಅಳು ಬಂತು. ಎರಡೂ ಒಟ್ಟಿಗೇ ಬಂದಿದ್ದರಿಂದ ಯಾರದ್ದು ಯಾವುದು ಅಂತ ಸ್ವಲ್ಪ ಹೊತ್ತು ತಿಳಿಯಲಿಲ್ಲ.

ಪಿಸುದನಿಯ ಗೇಣಕ್ಕನನ್ನು ಮಿಮಿಕ್ರಿ ಮಾಡುವುದು ಬಹಳ ಸುಲಭವಿತ್ತು. ಮರುದಿನ ಹುಡುಗರು ಕೇಳಿದರು ಕೂಡ: “ಮಾಡೇ, ಮಾಡೇ, ಒಂದೇ ಸಲ!” ಗಿಣಿ ಮಾಡಲಿಲ್ಲ. ಆ ದನಿ ಎಲ್ಲಿ ಹೋಯಿತು ಅಂತ ಅವಳಿಗೆ ಗೊತ್ತಿತ್ತು.

ಮಧ್ಯಾಹ್ನ ವ್ಯಾನ್ ಬಂತು. ಹೆಡ್ ಮಿಸ್ ತಾತನ ಸ್ಟೂಲಿನ ಹತ್ತಿರ ಹೋಗಿ, “ತಪ್ಪಾಯ್ತು ತಾತಾ” ಅಂದರು. ಅದನ್ನೂ ಎರಡು ಸಲ ಹೇಳಿದರು. ಈ ಸಲ ಅದು ಅಭ್ಯಾಸಬಲದಿಂದ ಬಂದ ಹಾಗಿರಲಿಲ್ಲ.

ಹೊಸ ಬಾಕ್ಸುಗಳನ್ನು ಇಳಿಸುವಾಗ ಗಿಣಿಯೂ ಸಾಲಿನಲ್ಲಿ ನಿಂತಿದ್ದಳು. ಸಿಂಹಾಸನ ಮೆಟ್ಟಿಲ ಕೆಳಗೆ ವಾಪಸ್ ಹೋಗಿತ್ತು. ಮೂರನೇ ಕ್ಲಾಸಿನವನೊಬ್ಬ ಅದರ ಮೇಲೆ ಕೂತು ಬಿಸ್ಕೆಟ್ ತಿನ್ನುತ್ತಿದ್ದ. ಅವಳು ಅವನನ್ನು ಎಬ್ಬಿಸಲಿಲ್ಲ.

“ತಾತಾ, ಬಾಗಿಲು ಪೂರ್ತಿ ತೆಗೀರಿ” ಅಂದಳು.

ತಾತ ಕೀ ಗೊಂಚಲು ಹಿಡಿದುಕೊಂಡು ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಈಗ ಮಾತಾಡ್ತಿರೋದು ನೀನೇ ತಾನೆ?”

“ನಾನೇ ತಾತಾ.”

“ಹ್ಞುಂ, ಹ್ಞುಂ” ಅಂದರು ತಾತ, ಥೇಟ್ ಹೆಡ್ ಮಿಸ್ ಹಾಗೆ. ಬಾಗಿಲು ತೆಗೆದರು.

ಗೇಣಕ್ಕನಿಗೆ ಇನ್ನೂ ದನಿ ಬಂದಿರಲಿಲ್ಲ. ಬೆರಳು ತೋರಿಸಿದರು, ಗಿಣಿ ಬಾಕ್ಸು ಇಟ್ಟಳು. ಕೊನೆಯ ಬಾಕ್ಸು ಹಲಗೆಯ ಮೇಲೆ ಕೂತ ಮೇಲೆ, ಗಿಣಿ ಅಂಗೈ ಅಗಲಿಸಿ ಗೋಡೆಗೂ ಬಾಕ್ಸಿಗೂ ನಡುವೆ ಇಟ್ಟಳು. ಹೆಬ್ಬೆರಳು ಗೋಡೆಗೆ ತಾಗಿತು, ಕಿರುಬೆರಳು ಬಾಕ್ಸಿಗೆ ತಾಗಿತು. ಸರಿಯಾಗಿ ಒಂದು ಗೇಣು.

ಗೇಣಕ್ಕ ಪಕ್ಕಕ್ಕೆ ಬಂದು ತಮ್ಮ ಅಂಗೈಯನ್ನು ಅವಳ ಕೈಯ ಮೇಲೆ ಇಟ್ಟರು. ಗಿಣಿಯ ಗೇಣು ಎರಡು ಬೆರಳು ಚಿಕ್ಕದು.

ಗಿಣಿ ಬಾಕ್ಸನ್ನು ಎರಡು ಬೆರಳು ಮುಂದಕ್ಕೆ ಎಳೆದಳು.

ಎಲ್ಲರೂ ಹೊರಗೆ ಹೋದ ಮೇಲೂ ಅವಳು ಒಂದು ಕ್ಷಣ ನಿಂತಳು. ಗೋಡೆ ತಣ್ಣಗಿತ್ತು, ಆ ಕಡೆ ಯಾರೋ ಕೈ ತೊಳೆಯುವ ಸದ್ದು ಕೇಳುತ್ತಿತ್ತು. ಅವಳು ಮತ್ತೊಮ್ಮೆ ಆ ಸಂದಿಯೊಳಗೆ ಕೈ ಇಳಿಬಿಟ್ಟಳು. ಯಾವುದಕ್ಕೂ ತಾಗಿಸದೆ ಹಾಗೇ ಹಿಡಿದಳು.

ಅದು ಖಾಲಿ ಇರಲಿಲ್ಲ. ಬೆರಳುಗಳ ನಡುವೆ ಮೆಲ್ಲಗೆ ಗಾಳಿ ಓಡಾಡುತ್ತಿತ್ತು.